ಗದ್ದುಗೆಯ ಮುಂದೆ ಕೊಟ್ಟ ಮಾತು

ತರೀಕೆರೆ ಬಸ್ ಸ್ಟ್ಯಾಂಡಿನ ಎದುರಿಗಿರುವ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸ್ಫೂರ್ತಿಗೆ, ಊರಿನವರು ಹೊಗಳಿದಷ್ಟೂ ಎದೆ ಝಲ್ಲೆನ್ನುತ್ತಿತ್ತು. ಡೈವೋರ್ಸ್ ಆದವರನ್ನು ಕಂಡರೆ ಬಾಯಿಗೆ ಬಂದದ್ದು ಆಡುವ ಜನವೇ, ಅವಳನ್ನೂ ಅವಳ ಹಿಂದಿನ ಗಂಡ ಓಂಕಾರೇಶನನ್ನೂ ಮಾತ್ರ ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂತು ಕೊಂಡಾಡುತ್ತಿತ್ತು. “ಬ್ಯಾರೆ ಆದ್ರೂ ಹೆಂಗವ್ರೆ ನೋಡ್ರೀ! ಒಂದು ದಿನ ಜಗಳ ಇಲ್ಲ, ಬೈಗುಳ ಇಲ್ಲ. ಮಗೀಗೆ ಎರಡು ಮನೆ, ಎರಡು ಮನೇಲೂ ಮುದ್ದು.” ಹೊಗಳುವುದಕ್ಕೆ ಏನು ಖರ್ಚು! ಒಮ್ಮೆ ಹೊಗಳಿಸಿಕೊಂಡವರು ಆಮೇಲೆ ಬಾಯಿ ಬಿಡುವ ಹಾಗಿಲ್ಲ ಎನ್ನುವುದು ಹೊಗಳುವವರಿಗೆ ಎಲ್ಲಿ ಗೊತ್ತಾಗಬೇಕು?

ಏರ್ಪಾಡೇನೋ ಸರಳವಾಗಿತ್ತು. ಒಂಬತ್ತು ವರ್ಷದ ಮಗಳು ಧನ್ಯಶ್ರೀ ಶಾಲೆಯ ದಿನಗಳಲ್ಲಿ ತರೀಕೆರೆಯಲ್ಲಿ ತಾಯಿಯ ಹತ್ತಿರ ಇರುತ್ತಿದ್ದಳು. ಶನಿವಾರ ಮಧ್ಯಾಹ್ನ ಓಂಕಾರೇಶ ಅಜ್ಜಂಪುರದಿಂದ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗಿ, ಭಾನುವಾರ ಸಂಜೆ ತಂದು ಬಿಡುತ್ತಿದ್ದ. ದಸರಾ, ಬೇಸಿಗೆ ರಜೆಗಳೆಲ್ಲ ಅಜ್ಜಂಪುರದಲ್ಲಿ. ಅಲ್ಲಿ ಅವನದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ, ಮನೆಯಲ್ಲಿ ತಾಯಿ ತೀರ್ಥಮ್ಮ. ಸಂಸಾರ ಮಾಡುವಾಗ ಹೆಂಡತಿಯನ್ನು ‘ಲೇ’ ಎಂದು ಕರೆಯುತ್ತಿದ್ದ ಮನುಷ್ಯ, ಬಿಟ್ಟ ಮೇಲೆ ‘ನೀವು’ ಎನ್ನಲು ಕಲಿತಿದ್ದ. ಆ ಮರ್ಯಾದೆ ಮೊದಲೇ ಇದ್ದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸವೇ ಇರಲಿಲ್ಲ ಎಂದು ಸ್ಫೂರ್ತಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು.

ನಗು ಬರಿಸದ ಸಂಗತಿ ಒಂದಿತ್ತು. ಕೋರ್ಟು ತನ್ನ ತೀರ್ಪು ಕೊಟ್ಟಾಗಿದ್ದರೂ ಎರಡೂ ಮನೆಯವರಿಗೆ ಅದು ಬರೀ ಕಾಗದ. ಮಠದಲ್ಲಿ, ಹಿಂದಿನ ಸ್ವಾಮಿಗಳ ಗದ್ದುಗೆಯ ಮುಂದೆ ಕೂತು ಕೊಟ್ಟ ಮಾತೇ ಮಾತು. ಕಡೂರಿನಲ್ಲಿದ್ದ ಸ್ಫೂರ್ತಿಯ ಸೋದರಮಾವ ಮಲ್ಲಿಕಾರ್ಜುನಯ್ಯ ಇಬ್ಬರನ್ನೂ ಅಲ್ಲಿಗೆ ಕರೆಸಿ, ಕೈಗೆ ವಿಭೂತಿ ಕೊಟ್ಟು, ಜಮಖಾನದ ಮೇಲೆ ಕೂರಿಸಿದ್ದರು. “ಮಗು ಇಬ್ರದೂ. ಆದ್ರೆ ಯಾರ ಮನೇಲಿ ಅದಕ್ಕೆ ಏನಾದ್ರೂ ಆಯ್ತೋ, ಆ ಮನೆಗೆ ಒಂದು ವರ್ಷ ಮಗು ಕಾಲಿಡಂಗಿಲ್ಲ. ಭಯ ಇದ್ರೆ ತಾನೆ ಜೋಪಾನ ಮಾಡೋದು?” ಎಂದಿದ್ದರು. ಇಬ್ಬರೂ ಎರಡನೇ ಮಾತಿಲ್ಲದೆ ಒಪ್ಪಿ ಗದ್ದುಗೆ ಮುಟ್ಟಿದ್ದರು. ಏನಾದರೂ ಆಗುವುದಿದ್ದರೆ ಎದುರಿನವರ ಮನೆಯಲ್ಲೇ ಎಂದು ಇಬ್ಬರಿಗೂ ಅಷ್ಟು ಗಟ್ಟಿ ನಂಬಿಕೆ.

ಕಾರ್ತೀಕದ ಒಂದು ಬುಧವಾರ ಬೆಳಿಗ್ಗೆ ಅದು ಸ್ಫೂರ್ತಿಯ ಮನೆಯಲ್ಲೇ ಆಯಿತು. ಶಾಲೆಗೆ ಹೊತ್ತಾಗಿತ್ತು. ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಕೈಯಲ್ಲಿದ್ದ ಕೂದಲು ಇದ್ದಕ್ಕಿದ್ದಂತೆ ಭಾರವಾಯಿತು. “ನೆಟ್ಟಗೆ ಕೂರೇ” ಎಂದು ಗದರಿದಳು. ಮಗು ಪಕ್ಕಕ್ಕೆ ವಾಲಿ ನೆಲಕ್ಕೆ ಬಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಸೇರಿಕೊಂಡಿತ್ತು, ಹಲ್ಲು ಕಚ್ಚಿತ್ತು, ಕೈಕಾಲು ಅದುರುತ್ತಿದ್ದವು. ಕಟವಾಯಿಯಲ್ಲಿ ನೊರೆ. ಸ್ಫೂರ್ತಿ, ಚಿಕ್ಕಂದಿನಲ್ಲಿ ಯಾರಿಗೋ ಹೀಗಾದಾಗ ದೊಡ್ಡವರು ಮಾಡಿದ್ದು ನೆನಪಾಗಿ, ಗೋಡೆಯ ಮೊಳೆಯಿಂದ ಬೀಗದ ಕೈ ಗೊಂಚಲು ಕಿತ್ತು ಮಗಳ ಮುಷ್ಟಿಗೆ ತುರುಕಿದಳು. ಸ್ವಲ್ಪ ಹೊತ್ತಿಗೆ ಅದುರುವುದು ನಿಂತಿತು. ಧನ್ಯಶ್ರೀ ನಿದ್ದೆಯಿಂದ ಎದ್ದವಳಂತೆ ಕಣ್ಣು ಬಿಟ್ಟಳು. ತನ್ನ ಕೈಯಲ್ಲಿದ್ದ ಬೀಗದ ಕೈ ನೋಡಿ, ಏನೂ ಕೇಳದೆ ಪಕ್ಕಕ್ಕಿಟ್ಟಳು.

ತರೀಕೆರೆಯ ಡಾಕ್ಟರ ಹತ್ತಿರ ಹೋದರೆ ಕಾಂಪೌಂಡರಿನಿಂದ ಹಿಡಿದು ಬಾಗಿಲಲ್ಲಿ ಚೀಟಿ ಕೊಡುವವಳವರೆಗೆ ಎಲ್ಲರೂ ಅಂಗಡಿಯ ಗಿರಾಕಿಗಳೇ. ಆದ್ದರಿಂದ ಮಗಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಮೊದಲು ಬೀಗದ ಕೈ ವಿಷಯಕ್ಕೆ ಬೈದರು. ಇನ್ನೊಮ್ಮೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಬೇಕು, ಕೈಗೆ ಬಾಯಿಗೆ ಏನೂ ತುರುಕಬಾರದು ಎಂದರು. ಆಮೇಲೆ, “ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ?” ಎಂದು ಕೇಳಿದರು.

“ಇಲ್ಲ ಸಾರ್. ಇದೇ ಮೊದಲು.”

“ಹಾಗಾದ್ರೆ ಸ್ವಲ್ಪ ಕಾದು ನೋಡೋಣ. ತಲೆಗೊಂದು ಟೆಸ್ಟ್ ಬರೀತೀನಿ, ಮುಂದಿನ ವಾರ ಬನ್ನಿ. ಒಂದು ಸಲಕ್ಕೇ ಮಾತ್ರೆ ಬೇಡ. ಇನ್ನೊಂದು ಸಲ ಬಂದ್ರೆ ಮಾತ್ರ ಶುರು ಮಾಡ್ಲೇಬೇಕು, ತಡ ಮಾಡೋ ಹಾಗಿಲ್ಲ. ಅಲ್ಲೀವರೆಗೂ ಒಬ್ಬಳನ್ನೇ ಬಿಡಬೇಡಿ. ಬೆಂಕಿ ಹತ್ರ ಬೇಡ. ನೀರಿನ ಹತ್ರ ಅಂತೂ ಬೇಡವೇ ಬೇಡ.”

ತಾಯಿ ಕೇಳಿದ್ದನ್ನೆಲ್ಲ ಪಕ್ಕದ ಸ್ಟೂಲಿನ ಮೇಲೆ ಕೂತು ಧನ್ಯಶ್ರೀಯೂ ಕೇಳಿದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಸ್ಫೂರ್ತಿ ಮಗಳ ಕಿವಿಯಲ್ಲಿ ಹೇಳಿದಳು: “ಅಪ್ಪಾಜಿಗೆ ಹೇಳ್ಬೇಡ ಕಣೇ ಬಂಗಾರ. ಗೊತ್ತಾದ್ರೆ ಒಂದು ವರ್ಷ ನೀನು ನನ್ನತ್ರ ಇರಂಗಿಲ್ಲ.” ಮಗು ಹೂಂ ಎಂದಿತು. ಅಷ್ಟು ಬೇಗ ಹೂಂ ಎಂದದ್ದು ಸ್ಫೂರ್ತಿಗೆ ಸಮಾಧಾನವಾಯಿತೇ ಹೊರತು ಅನುಮಾನ ಬರಲಿಲ್ಲ.

ಶನಿವಾರ ಹೇಳಿಬಿಡಬೇಕು ಎಂದುಕೊಂಡಿದ್ದಳು. ಬೈಕು ಬಂದು ಅಂಗಡಿಯ ಮುಂದೆ ನಿಂತಿತು. “ಊಟ ಮಾಡಿಸಿದೀರಾ?” ಎಂದ ಓಂಕಾರೇಶ. “ಆಗೈತೆ” ಎಂದಳು ಸ್ಫೂರ್ತಿ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ನಿಂತೇ ಇತ್ತು. ಆದರೆ ಒಂದು ವರ್ಷ! ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಹಾಸಿಗೆ ಖಾಲಿ, ಬಾಚಣಿಗೆ ಹಿಡಿದರೆ ಜಡೆ ಇಲ್ಲ. “ಬಿಸಿಲಲ್ಲಿ ತಿರುಗಿಸ್ಬೇಡಿ” ಎಂದಷ್ಟೇ ಹೇಳಿ ಒಳಗೆ ಬಂದಳು.

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು ಹರವಿ ಬಂದು ಫೋನು ನೋಡಿದರೆ, ಓಂಕಾರೇಶನ ಸ್ಟೇಟಸ್ಸಿನಲ್ಲಿ ಅಂಚಿನವರೆಗೆ ತುಂಬಿದ ಬುಕ್ಕಾಂಬುಧಿ ಕೆರೆ. ಏರಿಯ ಮೇಲೆ ಲಾರಿ ಟ್ಯೂಬು ಹಿಡಿದು ನಿಂತ ಧನ್ಯಶ್ರೀ. ಸ್ಫೂರ್ತಿ ಫೋನು ಮಾಡಿದಳು, ಹೋಗಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ತೀರ್ಥಮ್ಮನಿಗೆ ಮಾಡಿದಳು. ಮಗನನ್ನು ಬಿಟ್ಟರೂ ಅತ್ತೆ ಎನ್ನುವುದನ್ನು ಅವಳು ಬಿಟ್ಟಿರಲಿಲ್ಲ.

“ಹೂಂ ಕಣಮ್ಮ, ಕೆರೆಗೆ ಹೋದ್ರು. ಈಜು ಕಲಿಸ್ತೀನಿ ಅಂತ ಹೋದ್ವರ್ಷ ಆಸೆ ಹತ್ತಿಸಿದ್ನಲ್ಲ, ಮಗು ರಚ್ಚೆ ಹಿಡೀತು. ಏರಿ ಇಳುದ್ರೆ ಫೋನು ಸಿಗಕಿಲ್ಲ.”

“ಅತ್ತೆ, ಅವ್ಳನ್ನ ನೀರಿಗೆ ಇಳ್ಸಬಾರ್ದು…”

“ಯಾಕಮ್ಮ?”

“ಶೀತ ಆಗೈತೆ.”

ಮಗಳ ಜೀವ ಕೆರೆಯ ದಂಡೆಯಲ್ಲಿರುವಾಗಲೂ ಈ ತಾಯಿಯ ಬಾಯಿಂದ ಹೊರಟದ್ದು ಶೀತ! ಭಯ ಮನುಷ್ಯರನ್ನು ಎಷ್ಟು ಕೆಟ್ಟದಾಗಿ ಕುಣಿಸುತ್ತದೆ. ಆ ಕಡೆ ತೀರ್ಥಮ್ಮ, “ನೀರು ಬ್ಯಾಡ ಅಂತ ನಾನೂ ಹೇಳಿವ್ನಿ ಕಣಮ್ಮ” ಎಂದು ಫೋನಿಟ್ಟರು. ಅವರು ಯಾಕೆ ಹೇಳಿದ್ದರು ಎಂದು ಯೋಚಿಸುವ ಸ್ಥಿತಿಯಲ್ಲಿ ಸ್ಫೂರ್ತಿ ಇರಲಿಲ್ಲ.

ಅಜ್ಜಂಪುರದ ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಂತು ನಿಂತು ಹೋಯಿತು. ಒಬ್ಬರು ತೆಂಗಿನಕಾಯಿ ಮೂಟೆ ಹತ್ತಿಸಿದರು, ಇನ್ನೊಬ್ಬರು ಚಿಲ್ಲರೆಗಾಗಿ ಜಗಳಕ್ಕೆ ನಿಂತರು. ಕಿಟಕಿಯಾಚೆ ಹೊಲದ ಗುಂಡಿಯಲ್ಲಿ ನೀರು ಕಂಡರೂ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದರೆ ಇನ್ನೂ ಕಷ್ಟ. ನೀರಿನೊಳಗೆ ಹಲ್ಲು ಕಚ್ಚಿದ ಮುಖ, ಮೇಲಕ್ಕೆ ಸೇರಿದ ಕಣ್ಣು. ಓಂಕಾರೇಶ ಪಕ್ಕದಲ್ಲೇ ಇದ್ದರೂ ಆಟವಾಡುತ್ತಿದ್ದಾಳೆ ಎಂದುಕೊಂಡು ನಗುತ್ತಾ ನಿಂತಿರುತ್ತಾನೆ. ಅವನಿಗೆ ಹೇಗೆ ಗೊತ್ತಾಗಬೇಕು? ಹೇಳಿದವರು ಯಾರು? ಶಿವನೇ, ವರ್ಷವಲ್ಲ, ಬೇಕಾದರೆ ಜನ್ಮಪೂರ್ತಿ ಅವನ ಹತ್ತಿರವೇ ಇರಲಿ, ಇದ್ದರೆ ಸಾಕು ಎಂದು ಮನಸ್ಸಿನಲ್ಲೇ ಗೋಗರೆದಳು.

ಅಜ್ಜಂಪುರದಲ್ಲಿ ಇಳಿದು ಆಟೋ ಹತ್ತಿದಳು. ಡ್ರೈವರು ಕನ್ನಡಿಯಲ್ಲಿ ಅವಳನ್ನು ಗುರುತು ಹಿಡಿದ. “ಮೋಟಾರ್ ಓಂಕಾರಣ್ಣನ ಕಡೇರಲ್ವಾ? ಬಿಟ್ರೂ ನಿಮ್ಮಂಗಿರ್ಬೇಕು ಕಣಕ್ಕ. ನಮ್ಮ ಷಡ್ಡಕ ಅವ್ನೆ ನೋಡಿ…”

“ಸುಮ್ನೆ ಓಡಿಸಪ್ಪಾ!” ಎಂದು ಕಿರುಚಿದಳು. ಅವನು ಬಾಯಿ ಮುಚ್ಚಿಕೊಂಡು ಓಡಿಸಿದ.

ಕೆರೆ ಏರಿಯ ಮೇಲೆ ಭಾನುವಾರದ ಜನ. ಕೆಳಗೆ ಮೆಟ್ಟಿಲ ಹತ್ತಿರ ನೀರಿನಲ್ಲಿ ಮಕ್ಕಳ ಗುಂಪು ಕೇಕೆ ಹಾಕುತ್ತಿತ್ತು. ಎಲ್ಲ ತಲೆಗಳೂ ಒದ್ದೆ, ಎಲ್ಲವೂ ಒಂದೇ ತರ ಕಪ್ಪು. ಒಂದು ತಲೆ ಮುಳುಗಿತು. ಸ್ಫೂರ್ತಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು, ಸೀರೆ ಕಾಲಿಗೆ ತೊಡರಿ ಮಂಡಿಯೂರಿ ಬಿದ್ದಳು. ತಲೆ ಮೇಲೆ ಬಂತು. ಯಾರದೋ ಹುಡುಗ, ಬಾಯಲ್ಲಿದ್ದ ನೀರು ಉಗುಳಿ ನಗುತ್ತಿದ್ದ.

“ಧನ್ಯಾ!”

“ಅಮ್ಮಾ, ಇಲ್ಲಿ!”

ದನಿ ನೀರಿನ ಕಡೆಯಿಂದ ಬಂದದ್ದಲ್ಲ. ಹಿಂದೆ, ಮೇಲಿನ ಮೆಟ್ಟಿಲ ಮೇಲೆ ಅಪ್ಪ ಮಗಳು ಕೂತಿದ್ದರು. ಧನ್ಯಶ್ರೀಯ ಬಟ್ಟೆ ಒದ್ದೆಯಾಗಿರಲೇ ಇಲ್ಲ, ಮುಖ ಅತ್ತು ಕೆಂಪಾಗಿತ್ತು. ಗಾಳಿ ತುಂಬಿಸದ ಟ್ಯೂಬು ಕಾಲ ಬಳಿ ಬಿದ್ದಿತ್ತು. “ನೋಡಮ್ಮ, ಗಾಳಿ ಪಂಪ್ ಕೆಟ್ಟೈತೆ ಅಂತ ಸುಳ್ಳು ಹೇಳ್ತಾ ಕೂರಿಸಿದಾರೆ” ಎಂದು ಮಗು ದೂರು ಹೇಳಿತು. ಸ್ಫೂರ್ತಿಯ ಕಣ್ಣು ಬೇರೆಡೆ ನೆಟ್ಟಿತ್ತು. ಓಂಕಾರೇಶ ತನ್ನ ಟವೆಲಿನ ಒಂದು ತುದಿಯನ್ನು ಮಗಳ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಬಿಗಿದುಕೊಂಡಿದ್ದ.

ಒಣಗಿದ ನೆಲದ ಮೇಲೆ ಯಾವ ತಂದೆ ಮಗಳನ್ನು ಹೀಗೆ ಕಟ್ಟಿಕೊಂಡು ಕೂರುತ್ತಾನೆ?

“ನಿಮಗೆ ಗೊತ್ತು” ಎಂದಳು ಸ್ಫೂರ್ತಿ.

ಓಂಕಾರೇಶನ ಮುಖದ ಬಣ್ಣ ಇಳಿಯಿತು. “ಏನು?” ಎಂದ.

“ಬುಧವಾರ ಜಡೆ ಹಾಕ್ತಿದ್ದೆ. ಬಿದ್ದೋದ್ಲು. ಫಿಟ್ಸು. ಶಿವಮೊಗ್ಗಕ್ಕೆ ಹೋಗಿದ್ದೆ. ನಿಮಗೆ ಹೇಳ್ಲಿಲ್ಲ.”

ಅವನು ಕೆರೆಯ ಕಡೆ ನೋಡುತ್ತಾ ಹೇಳಿದ: “ಆಯುಧಪೂಜೆ ಮಾರನೇ ದಿನ ನಮ್ಮನೇಲೂ ಆಯ್ತು. ಅವ್ವ ಕೈಗೆ ಬೀಗದ ಕೈ ಕೊಡ್ತು. ನಾನು ಹೊಸದುರ್ಗಕ್ಕೆ ಕರ್ಕಂಡು ಹೋದೆ. ಡಾಕ್ಟ್ರು, ಒಂದ್ಸಲಕ್ಕೆ ಮಾತ್ರೆ ಬ್ಯಾಡ, ಇನ್ನೊಂದ್ಸಲ ಬಂದ್ರೆ ಬನ್ನಿ ಅಂದ್ರು. ಬರ್ಲಿಲ್ವಲ್ಲ ಅಂತ ದಿನಾ ಕೈ ಮುಗೀತಿದ್ದೆ.”

ಒಬ್ಬಳು ಶಿವಮೊಗ್ಗಕ್ಕೆ, ಒಬ್ಬ ಹೊಸದುರ್ಗಕ್ಕೆ! ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ಒಂದೊಂದು ದಿಕ್ಕಿಗೆ ಓಡಿ, ಇಬ್ಬರು ಡಾಕ್ಟರಿಗೂ ಇದೇ ಮೊದಲು ಎಂದು ಹೇಳಿ ಬಂದಿದ್ದರು. ಬೀಗದ ಕೈ ನೋಡಿ ಮಗು ಯಾಕೆ ಏನೂ ಕೇಳಲಿಲ್ಲ ಎಂದು ಸ್ಫೂರ್ತಿಗೆ ಈಗ ಅರ್ಥವಾಯಿತು. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

“ಹೇಳಿದ್ರೆ ನೀನು ಕಳಿಸ್ತಿದ್ಯಾ?” ಎಂದ ಓಂಕಾರೇಶ. ನೀವು ಎನ್ನುವುದು ಎಲ್ಲೋ ಬಿದ್ದುಹೋಗಿತ್ತು.

“ಇಲ್ಲ” ಎಂದಳು ಸ್ಫೂರ್ತಿ. “ನೀವು?”

“ನಾನೂ ಬಿಡ್ತಿರ್ಲಿಲ್ಲ.”

ಸುಳ್ಳು ಹೇಳಲು ಇಬ್ಬರಲ್ಲೂ ಶಕ್ತಿ ಉಳಿದಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಮಗಳ ಇನ್ನೊಂದು ಪಕ್ಕದಲ್ಲಿ ಕೂತಳು. ಮಂಡಿ ತರಚಿ ರಕ್ತ ಬಂದಿತ್ತು. ಓಂಕಾರೇಶ ಟವೆಲಿನ ಗಂಟು ಬಿಚ್ಚಲು ಹೋಗಿ, ಹೆದರಿ, ಹಾಗೇ ಬಿಟ್ಟ.

“ನಾಳೆ ಬೆಳಿಗ್ಗೆ ಇಬ್ರೂ ಶಿವಮೊಗ್ಗಕ್ಕೆ ಕರ್ಕಂಡು ಹೋಗಣ. ಎರಡ್ಸಲ ಆಗೈತೆ ಅಂತ ಹೇಳಿ ಮಾತ್ರೆ ಶುರು ಮಾಡ್ಸಣ” ಎಂದ.

“ಎರಡಲ್ಲ ಅಪ್ಪಾಜಿ” ಎಂದಳು ಧನ್ಯಶ್ರೀ.

ಇಬ್ಬರೂ ಅವಳ ಕಡೆ ತಿರುಗಿದರು. ಮಗು ಟ್ಯೂಬಿನ ಮುಚ್ಚಳ ತಿರುಗಿಸುತ್ತಾ ತಲೆ ತಗ್ಗಿಸಿಯೇ ಹೇಳಿತು: “ದಸರಾ ರಜ ಮುಗುದ್ಮೇಲೆ ಸ್ಕೂಲಲ್ಲಿ ಒಂದ್ಸಲ ಆಯ್ತು. ಬಾತ್ರೂಮಲ್ಲಿ. ಬಾಗ್ಲು ಹಾಕ್ಕಂಡಿದ್ದೆ. ಎಚ್ಚರ ಆದಾಗ ಕೆಳಗೆ ಬಿದ್ದಿದ್ದೆ, ನಾಲಿಗೇಲಿ ರಕ್ತ ಇತ್ತು. ಮುಖ ತೊಳ್ಕಂಡು ಕ್ಲಾಸಿಗೆ ಹೋದೆ.”

ಸ್ಫೂರ್ತಿ ಮಗಳ ಭುಜ ಹಿಡಿದಳು. ಚಿಲಕ ಹಾಕಿದ ಬಾಗಿಲು, ಒದ್ದೆ ನೆಲ, ಒಳಗೆ ಒಂದೇ ಒಂದು ಮಗು. “ಮಿಸ್‌ಗೆ ಯಾಕೆ ಹೇಳ್ಲಿಲ್ಲ? ನಮಗೆ ಯಾಕೆ ಹೇಳ್ಲಿಲ್ಲ ಬಂಗಾರ?”

“ಹೇಳಿದ್ರೆ ಸ್ಕೂಲ್ಗೂ ಒಂದು ವರ್ಷ ಹೋಗಂಗಿಲ್ಲ ಅಂದ್ಬಿಟ್ರೆ?”

ಕೆಳಗೆ ಮಕ್ಕಳು ಇನ್ನೂ ಕೇಕೆ ಹಾಕುತ್ತಲೇ ಇದ್ದರು. ಓಂಕಾರೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಟವೆಲು ಜಗ್ಗಿದ್ದಕ್ಕೆ ಧನ್ಯಶ್ರೀ ಅವನ ಕಡೆಗೆ ಸ್ವಲ್ಪ ವಾಲಿದಳು.

ಸ್ಫೂರ್ತಿ ಎದ್ದು, ಮಗಳನ್ನೂ ಓಂಕಾರೇಶನನ್ನೂ ಎಬ್ಬಿಸಿ, ಸಿಗ್ನಲ್ ಸಿಗುವ ತನಕ ಏರಿಯ ಮೇಲೆ ನಡೆಸಿಕೊಂಡು ಹೋದಳು. ಕಡೂರಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. “ಮಾವ, ನಾವಿಬ್ರೂ ಕೊಟ್ಟ ಮಾತು ವಾಪಸ್ ತಗಂತಿದೀವಿ.”

“ಏನಮ್ಮ ಹಂಗಂದ್ರೆ?” ಮಲ್ಲಿಕಾರ್ಜುನಯ್ಯನವರ ದನಿ ಗಡುಸಾಯಿತು. “ಗದ್ದುಗೆ ಮುಟ್ಟಿ ಕೊಟ್ಟ ಮಾತು ಕಣಮ್ಮ ಅದು. ಹುಡುಗಾಟನಾ? ಯಾರ ಮನೇಲಿ ಏನಾಯ್ತು, ಮೊದ್ಲು ಅದು ಹೇಳು.”

ಸ್ಫೂರ್ತಿ ಫೋನನ್ನು ಮಗಳ ಕೈಗೆ ಕೊಟ್ಟಳು. “ಹೇಳು ತಾತಂಗೆ. ಎಲ್ಲಾನೂ ಹೇಳು. ಬಾತ್ರೂಮಿಂದೂ ಹೇಳು.”

ಧನ್ಯಶ್ರೀ ಫೋನು ಹಿಡಿದುಕೊಂಡಳು. “ಹಲೋ, ಹಲೋ” ಎನ್ನುತ್ತಿದ್ದರು ತಾತ. ಅವಳು ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ತಂದೆಯ ಮುಖ ನೋಡಿದಳು. ಇಬ್ಬರೂ ತಲೆಯಾಡಿಸಿದ ಮೇಲೂ, ನಿಜವಾಗಿಯೂ ಹೇಳಬಹುದೇ ಎಂದು ಇನ್ನೊಮ್ಮೆ ಇಬ್ಬರನ್ನೂ ನೋಡಿದಳು.