ಹಾಸಿಗೆ ಪಕ್ಕದ ಪಾತ್ರ

ಗಲ್ಫಿನ ಜುಫೈರ್‌ನ ಒಂದು ಫ್ಲ್ಯಾಟಿನಲ್ಲಿ ನಾನು ಹಗಲು ಹೊತ್ತಿನ ನರ್ಸ್. ನೋಡಿಕೊಳ್ಳಬೇಕಾದದ್ದು ಒಬ್ಬ ಜಪಾನಿ ಅಜ್ಜಿಯನ್ನು. ಅಳಿಯನಿಗೆ ಹಿದ್ ಬಂದರಿನಲ್ಲಿ ಕೆಲಸ, ಮಗಳಿಗೆ ಮನೆಯಲ್ಲೇ ಕಂಪ್ಯೂಟರ್ ಕೆಲಸ. ಅಜ್ಜಿಗೆ ಬಿಪಿ, ಮೊಣಕಾಲು ನೋವು, ಉಳಿದಂತೆ ಗಟ್ಟಿ.

ಅವರು ಸಿನಿಮಾದವರೆಂದು ತಿಳಿದದ್ದು ಮಾತ್ರೆ ಕೊಡುತ್ತಾ ಕೊಡುತ್ತಾ. ಹರೆಯದಲ್ಲೇ ಸ್ಟುಡಿಯೋ ಸೇರಿದ್ದರು. ಸಿಕ್ಕಿದ್ದೆಲ್ಲ ಸಣ್ಣ ಪಾತ್ರ: ಛತ್ರದ ಕೆಲಸದವಳು, ಪಕ್ಕದ ಮನೆಯಾಕೆ, ಆಮೇಲಾಮೇಲೆ ಅತ್ತೆ. ಒಂದು ಚಿತ್ರದಲ್ಲಂತೂ ಅವರ ಬೆನ್ನು ಮಾತ್ರ ಕಾಣುತ್ತದಂತೆ. “ನಾಯಕಿ ಅಳುವಾಗ ನಾನು ಅಳಬಾರದು ಸಿಸ್ಟರ್, ನೀರು ತಂದುಕೊಡಬೇಕು,” ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದರು. ನನ್ನದೂ ಮುರುಕೇ, ಹಾಗಾಗಿ ನಮಗೆ ಹೊಂದಿತ್ತು.

ಹೋದ ಚಳಿಗಾಲದಲ್ಲಿ ಟೋಕಿಯೋದಿಂದ ಫೋನ್ ಬಂತು. ಸಾಯಲಿರುವ ತಾಯಿಯೊಬ್ಬಳ ಚಿತ್ರ; ಆ ತಾಯಿಯದೇ ಮುಖ್ಯ ಪಾತ್ರ. ಅಜ್ಜಿ ಅದಕ್ಕೆ ಹೊಂದುತ್ತಾರೋ ನೋಡಲು ಒಂದು ದೃಶ್ಯ ಮೊಬೈಲಿನಲ್ಲಿ ತೆಗೆದು ಕಳಿಸಿ ಎಂದರು. ಅಲ್ಲಿಯವರೆಗೆ ಅಜ್ಜಿಯನ್ನು ಮುಖ್ಯ ಪಾತ್ರಕ್ಕೆ ಯಾರೂ ಕೇಳಿದ್ದೇ ಇಲ್ಲ. ಆ ದಿನ ಬಿಪಿ ಮೇಲೇರಿತ್ತು.

ಮೊಬೈಲ್ ಹಿಡಿಯುವುದು ಮಗಳು. ತಾಯಿಯನ್ನು ನೋಡಲು ಬಂದ ಮಗಳಾಗಿ ನಾನು ಬೆನ್ನು ತೋರಿಸಿ ಕೂರಬೇಕು. ನನ್ನ ಭಾಷೆಯಲ್ಲೇ ಏನಾದರೂ ಮಾತಾಡಿದರೆ ಸಾಕು.

ಅಸ್ಕರ್‌ ಕಡೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಗಂಡನಿಗೆ ಹೇಳಿದೆ. “ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಸಿನಿಮಾಕ್ಕೆ ಹೊರಟದ್ದಾ?”

“ಬರೀ ಬೆನ್ನು ಮಾರಾಯ್ರೆ.”

“ಬೆನ್ನಿಗೂ ಪೌಡರ್ ಹಾಕ್ಲಿಕ್ಕುಂಟಾ?”

ಮರುದಿನ ಕುರ್ಚಿಯಲ್ಲಿ ಕೂತವಳೇ ಅಜ್ಜಿಯ ಮಣಿಕಟ್ಟು ಹಿಡಿದೆ, ಹೊದಿಕೆ ಸರಿ ಮಾಡಿದೆ. “ನಿದ್ದೆ ಬಂತಾ ಅಮ್ಮ, ಊಟ ಮಾಡಿದ್ರಾ?” ಎಂದು ವಾರ್ಡಿನಲ್ಲಿ ರೋಗಿಗಳನ್ನು ಕೇಳುವ ದನಿಯಲ್ಲೇ ಕೇಳಿದೆ. ಅಜ್ಜಿ ನಕ್ಕುಬಿಟ್ಟರು. “ಸಿಸ್ಟರ್, ಮಗಳು ನಾಡಿ ನೋಡುವುದಿಲ್ಲ.”

ಎರಡನೇ ಸಲ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ. ನನ್ನ ಅಮ್ಮ ಇದ್ದಾಗ ಫೋನಿನಲ್ಲಿ ಕೇಳುತ್ತಿದ್ದದ್ದನ್ನೇ ಕೇಳಿದೆ. “ಅಮ್ಮ, ಗಂಜಿ ಉಂಡ್ರಾ? ಮೀನಿನವ ಬಂದಿದ್ನಾ?” ಅಲ್ಲಿಗೆ ಕಣ್ಣೊರೆಸಿಕೊಳ್ಳಬೇಕಾಯಿತು.

ಅಜ್ಜಿ ಕಣ್ಣು ಅರೆಮುಚ್ಚಿ ಸುಮ್ಮನೆ ಮಲಗಿರಬೇಕಿತ್ತು. ಆದರೆ ಮೊಣಕೈ ಊರಿ ಎದ್ದು, ನೀರಿನ ಲೋಟ ತೆಗೆದು ನನಗೆ ಹಿಡಿದರು. ಅವರ ಮಗಳು ಜಪಾನಿಯಲ್ಲಿ ಏನೋ ಗದರಿದಳು. ನೀನು ಸಾಯುತ್ತಿರುವವಳು ಎಂದಿರಬೇಕು. ದೃಶ್ಯವನ್ನು ಮತ್ತೆ ತೆಗೆದಳು. ಮತ್ತೆ ಅಜ್ಜಿಯ ಕೈ ತಾನಾಗಿ ಲೋಟದತ್ತ ಎದ್ದಿತು. ಕೊನೆಗೆ ಇದ್ದುದರಲ್ಲಿ ಒಳ್ಳೆಯದನ್ನು ಕಳಿಸಿದರು.

ಕೆಲವು ವಾರಗಳ ನಂತರ ಉತ್ತರ ಬಂತು. ತಾಯಿಯ ಪಾತ್ರ ಬೇರೆಯವರಿಗೆ. ಅಜ್ಜಿಗೆ, ಹಾಸಿಗೆಯ ಪಕ್ಕ ಬಂದು ಕೂರುವ ನೆರೆಮನೆಯಾಕೆಯ ಪಾತ್ರ. ಹೇಳುವಾಗ ಮಗಳ ದನಿ ಇಳಿದಿತ್ತು. ಅಜ್ಜಿ ಚಹಾ ಕೇಳಿದರು, ಅರ್ಧ ಕುಡಿದು ಇಟ್ಟರು.

“ಒಮ್ಮೆಯಾದರೂ ಆ ತಾಯಿಯ ಹಾಸಿಗೆಯಲ್ಲಿ ಮಲಗಬೇಕೆಂದಿತ್ತು,” ಎಂದರು, ನನ್ನ ಕಡೆ ನೋಡದೆ.

ನಾನು ಬಿಪಿ ಯಂತ್ರ ತರಲು ಎದ್ದೆ. ಅವರು ಬೇಡವೆಂದು ಕೈಯಾಡಿಸಿ, ಹಾಸಿಗೆಯಿಂದ ನಿಧಾನ ಇಳಿದರು. “ನೀವು ಮಲಗಿ ಸಿಸ್ಟರ್. ನೆರೆಮನೆಯಾಕೆ ನಾನು.”

ಚಪ್ಪಲಿ ಬಿಟ್ಟು ಮಲಗಿದೆ. ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಮತ್ತೆ ಎದ್ದು ಕುರ್ಚಿಯನ್ನು ಕಿಟಕಿಗೆ ಅಡ್ಡವಾಗದಂತೆ ಒಂದಿಷ್ಟು ಹಿಂದಕ್ಕೆ ಸರಿಸಿದರು.

“ಈಗ ನಿಮ್ಮ ಮೇಲೆ ಬೆಳಕು ಬೀಳುತ್ತದೆ,” ಎಂದರು.