ಕಾಕು ಮಗಳನ್ನು ಕರೆದ ಪಂಚಮಿ

ಮೊನ್ನೆ ಅಥಣಿಯ ಪೇಟೆಯಲ್ಲಿ ನಡೆದು ಹೊರಟಿದ್ದೆ. ಭಟ್ಟಿಯೊಂದರಲ್ಲಿ ಜೋಳ ಹುರಿದು ಅಳ್ಳು ಅರಳಿಸುತ್ತಿದ್ದರು. ಆ ಬಿಸಿ ವಾಸನೆಗೆ ಕಾಲು ತಾನಾಗಿ ನಿಂತಿತು. ನಾಗರಪಂಚಮಿ ಬಂತೆನ್ನುವುದಕ್ಕಿಂತ ಮೊದಲು ನೆನಪಾದವಳು, ನಮ್ಮೂರು ಸತ್ತಿಯಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕು...

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಂಬಂಧದಲ್ಲಿ ಚಿಕ್ಕಮ್ಮನೇನಲ್ಲ, ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು, ನಾನೂ ಎಂದೆ. ಗಂಡ ತೀರಿದ ಮೇಲೆ ಕಂಡವರ ಕಬ್ಬಿನ ಹೊಲದಲ್ಲಿ ಕಳೆ ತೆಗೆದು ಮಗ, ಮಗಳನ್ನು ಬೆಳೆಸಿದವಳು. ಮಗ ದೊಡ್ಡವನಾದ ಮೇಲೆ ಅವಳ ಕೂಲಿಯನ್ನೂ ಆಳುಗಳ ಮೇಲಿನ ಮುಕಾದಮ ಅವನ ಕೈಗೇ ಕೊಡುತ್ತಿದ್ದ. ಮಗ ಕೆಟ್ಟವನಲ್ಲ, ದುಡಿಯುತ್ತಿದ್ದ. ಆದರೆ ಎಲೆ-ಅಡಿಕೆ ಬೇಕಾದರೂ ಕಾಕುವಾಗಲಿ, ಸೊಸೆಯಾಗಲಿ ಅವನನ್ನೇ ಕೇಳಬೇಕಿತ್ತು.

ಮಗಳನ್ನು ಮಿರಜ್ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದರೂ ಅವಳು ಬರುತ್ತಿರಲಿಲ್ಲ. ಕರೆದರೆ ಸೀರೆ ಉಡಿಸಬೇಕು, ಉಂಡಿ ಕಟ್ಟಿ ಕಳಿಸಬೇಕು. "ಬರಿಗೈಲೆ ಕಳಿಸಿದ್ರ ಅತ್ತಿಮನ್ಯಾಗ ಅಕಿನ್ನ ಆಡಿಕೋತಾರವ್ವಾ. ಕರೀದಿರೂದ ಚಲೋ," ಎನ್ನುತ್ತಿದ್ದಳು ಕಾಕು. ಹಬ್ಬದ ದಿನವೂ ಹೊಲಕ್ಕೆ ಹೋಗಿಬಿಡುತ್ತಿದ್ದಳು.

ಆಮೇಲೆ ಸರಕಾರದ ಗೃಹಲಕ್ಷ್ಮಿ ಬಂತು, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿದ್ದುದು ಕಾಕುವಿನ ಹೆಸರು; ಹಣ ಅವಳ ಖಾತೆಗೇ ಬಿತ್ತು. ಮೊದಮೊದಲು ಅದನ್ನೂ ತಂದು ಮಗನಿಗೇ ಕೊಟ್ಟಳು. ಮರುವರ್ಷ ಶ್ರಾವಣ ಹತ್ತಿರವಾದಾಗ ಒಂದು ಸಂಜೆ ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದೆವು. ಮಗ ಬಂದ.

"ಅವ್ವಾ, ಈ ತಿಂಗಳದ್ದು ತಗೊಂಡ ಬಾ. ಮನಿ ಮ್ಯಾಲಿನ ಪತ್ರಾಸ ಸೋರಾಕತ್ತಾವ, ಹೊಸಾವು ಹಾಕಸೂಣು."

"ಈ ತಿಂಗಳ ಕೊಡೂದಿಲ್ಲಪಾ. ಪಂಚಮಿಗೆ ನಿನ್ನ ತಂಗಿನ್ನ ಕರೀತೀನಿ."

"ಮನಿ ಸೋರಲೇನ ಹಂಗಾದ್ರ?"

"ವರ್ಷಾ ಸೋರತೈತಿ. ಇದೊಂದ ತಿಂಗಳ ಸೋರಲಿ."

ಮಗ ಮುಖ ಗಂಟು ಹಾಕಿಕೊಂಡು ಒಳಗೆ ಹೋದ. ಕಾಕು ನನ್ನ ಕೈ ಹಿಡಿದುಕೊಂಡಳು. ಮಗನಿಗೆ ಇಲ್ಲ ಅಂದದ್ದು ಅದೇ ಮೊದಲಿರಬೇಕು.

ಸೀರೆ ತರಲು ನನ್ನನ್ನೂ ಅಥಣಿಗೆ ಕರೆದುಕೊಂಡು ಬಂದಳು. ಅಂಗಡಿಯವನು ಗುಡ್ಡೆ ಹಾಕಿದ ಸೀರೆಗಳನ್ನು ಮುಟ್ಟುವಳು, ಬಿಡುವಳು. ಯಾಕೆಂದು ಕೇಳಿದರೆ ಮೆಲ್ಲಗೆ, "ಕೊಟ್ಟದ್ದನ್ನ ಉಟ್ಟಾಕಿ ನಾ. ಆರಸೂದು ಗೊತ್ತಿಲ್ಲ ತಂಗಿ," ಎಂದಳು. ಕೊನೆಗೆ ಆರಿಸಿದ್ದು ಮಾತ್ರ ಅವಳೇ. ಹಸಿರು ಸೀರೆ, ಕೆಂಪು ಅಂಚು.

ತಂಗಿಯನ್ನು ಕರೆತರಲು ಅಣ್ಣನೇ ಹೋಗಬೇಕು. ಹೋಗುತ್ತಾನೋ ಇಲ್ಲವೋ ಎಂದು ನಮಗೆಲ್ಲ ಅಳುಕಿತ್ತು. ಹಬ್ಬದ ಮುನ್ನಾದಿನ ಗೆಳೆಯನ ಗಾಡಿ ಕೇಳಿ ತಂದು ಹೊರಟ. ಸಂಜೆ ಗಾಡಿಯ ಹಿಂದೆ ತಂಗಿ ಕುಳಿತು ಬಂದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದವನೂ ಅವನೇ. ಮಳೆ ಬಂತು, ಮನೆ ಸೋರಿತು. ತಾಯಿ-ಮಗಳು ಪಾತ್ರೆ ಇಡುತ್ತ ನಗುತ್ತಿದ್ದುದು ಗೋಡೆಯಾಚೆ ನಮಗೆ ಕೇಳುತ್ತಿತ್ತು...

ಅಂಥ ಪಂಚಮಿ ಕಾಕುವಿಗೆ ಅದೊಂದೇ ದಕ್ಕಿತು. ಆ ಚಳಿಗಾಲದಲ್ಲೇ ಎದೆನೋವು ಎಂದು ಮಲಗಿದವಳು ಏಳಲಿಲ್ಲ. ನಾವೂ ಊರು ಬಿಟ್ಟು ಅಥಣಿಗೆ ಬಂದೆವು.

ಈಗ ಕಾರ್ಡಿನಲ್ಲಿ ಯಜಮಾನಿ ಎಂದು ಸೊಸೆಯ ಹೆಸರಿದೆ. ನಿನ್ನೆ ಫೋನು ಮಾಡಿದ್ದಳು. "ನಾದಿನಿನ್ನ ಪಂಚಮಿಗೆ ಕರದೇನ್ರಿ ಅಕ್ಕಾರ. ನೀವೂ ಬರ್ರಿ. ಅತ್ತಿ ಇದ್ದಿದ್ರ..." ಎಂದಳು. ಬರುತ್ತೇನೆ ಎಂದೆ. ಕಾಕು ಇಲ್ಲದ ಆ ಮನೆಯ ಹೊಸ್ತಿಲು ನಾನಿನ್ನೂ ದಾಟಿಲ್ಲ.