ಅವ್ವ ಹಿಡಿದ ಬುಧವಾರ

"ವಾರಕ್ಕೊಂದ ಸೂಜಿ ರೀ ಯಮ್ಮಾ. ಯಾವುದರ ಒಂದು ವಾರ ಹಿಡೀರಿ, ಹಿಡದ ಮ್ಯಾಲ ತಪ್ಪಸಬ್ಯಾಡ್ರಿ," ಎಂದರು ಗಜೇಂದ್ರಗಡದ ಡಾಕ್ಟರು. ಅವ್ವ ಕೈಮುಗಿದಳು. ಡಾಕ್ಟರಿಗೆ ಮುಗಿದಳು ಎಂದುಕೊಂಡೆ, ನನ್ನಂಥ ಹುಚ್ಚಿ ಯಾರಿದ್ದಾರೆ! ಹೊರಡುವಾಗ ಅವರು ನನಗೂ ಹೇಳಿದರು: "ನೀವೂ ಒಮ್ಮೆ ರಕ್ತ ತೋರಸ್ರಿ. ಸಕ್ರಿ ಮನಿತನದಾಗ ಬರತೈತಿ."

ರೋಣದ ಬಸ್ಸಿನಲ್ಲೇ ದಿನದ ಪಂಚಾಯ್ತಿ ಶುರುವಾಯಿತು. ಸೋಮವಾರ ಶಿವನದು. ಮಂಗಳವಾರ, ಶುಕ್ರವಾರ ದೇವಿಯವು, ಮೈಗೆ ಸೂಜಿ ಮುಟ್ಟಿಸಬಾರದಂತೆ. ಶನಿವಾರ ಹಣಮಪ್ಪ. ಗುರುವಾರ ನಾನು ನರಗುಂದಕ್ಕೆ ಅರಿವೆ ತರಲು ಹೋಗುವ ದಿನ. ರವಿವಾರ ಅಂದರೆ, "ಅಮಾಸಿ ಬಂದ್ರ?" ಎಂದಳು.

"ಹಂಗಾರ ಬುಧವಾರ! ಅವತ್ತ ಯಾವ ದೇವ್ರೂ ಅಡ್ಡ ಬರಂಗಿಲ್ಲ," ಎಂದು ಸಿಡುಕಿದೆ. ಗೆದ್ದೆ ಎಂದುಕೊಂಡೆ.

ನಾನು ಜಂಪರ್ ಹೊಲಿದು ಬದುಕುವವಳು, ಸೂಜಿಗೆ ಹೆದರುವವಳಲ್ಲ. ಆದರೂ ಔಷಧ ತುಂಬಿದ ಆ ಪೆನ್ನಿನಂಥ ಸೂಜಿಯನ್ನು ಅವ್ವನ ಹೊಟ್ಟೆಗೆ ಒತ್ತುವ ಮೊದಲು ಹತ್ತು ಎಣಿಸುತ್ತಿದ್ದೆ. ಮೂರು ಬುಧವಾರ ಸುಸೂತ್ರ ಹೋದವು. ನಾಲ್ಕನೆಯದರ ಮಧ್ಯಾಹ್ನ ಅವ್ವ ಅಡುಗೆಮನೆಯಲ್ಲಿ ಬೆವರಿನಲ್ಲಿ ತೊಯ್ದು ಕುಸಿದು ಕೂತಿದ್ದಳು. "ಯಾರವಾ ನೀ?" ಎಂದು ನನ್ನನ್ನೇ ಕೇಳಿದಳು. ರಕ್ತದಲ್ಲಿ ಸಕ್ಕರೆ ಇಳಿದಿರಬೇಕೆಂದು ಸಕ್ಕರೆ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಸರಿಯಾಗಿ ಬಿಟ್ಟಳು.

"ಮುಂಜಾನಿ ಏನ ತಿಂದಿ?"

"ಇವತ್ತ ವಾರ ಅಲ್ಲೇನು?"

ಆಗ ತಿಳಿಯಿತು. ನಮ್ಮ ಕಡೆ ವಾರ ಹಿಡಿಯುವುದೆಂದರೆ ದೇವರಿಗೆ ಹರಕೆ ಹೊತ್ತು ಆ ದಿನ ಉಪವಾಸ ಇರುವುದು. ಡಾಕ್ಟರು ಹೇಳಿದ್ದು ಒಂದು, ಅವ್ವ ಕೈಮುಗಿದು ಒಪ್ಪಿಕೊಂಡದ್ದು ಇನ್ನೊಂದು. ನಾಲ್ಕು ಬುಧವಾರ ನಾನು ಅವಳಿಗೆಂದು ಬಡಿದಿಟ್ಟ ರೊಟ್ಟಿಯನ್ನು ಪಕ್ಕದ ಮನೆಯ ಎಮ್ಮೆ ತಿಂದಿತ್ತು. ಸಕ್ಕರೆ ಕಾಯಿಲೆಯ ಮುಂಜಾನೆಯ ಗುಳಿಗೆ ಮಾತ್ರ ಖಾಲಿ ಹೊಟ್ಟೆಗೆ ತಪ್ಪದೆ ನುಂಗಿದ್ದಳು, ಭಲೆ!

"ಸೂಜಿ ಹಾಕ್ಕೊಂಡ ದಿನ ಹಸಿವನ ಆಗಂಗಿಲ್ಲ. ದೇವ್ರು ಒಪ್ಯಾನ," ಎಂದಳು. ಹಸಿವು ತಗ್ಗಿಸುವುದು ಆ ಔಷಧದ ಗುಣ. ಗಂಟಲು ಹರಿಯುವಂತೆ ಹೇಳಿದೆ. ನಕ್ಕಳು.

ಡಾಕ್ಟರಿಗೆ ಫೋನು ಮಾಡಿದೆ. ಗುಳಿಗೆ ನಿಲ್ಲಿಸಿದರು, ದಿನ ಬದಲಿಸಲು ಒಪ್ಪಿದರು. ಉಪವಾಸ ನಿಲ್ಲಿಸುವ ಔಷಧ ಅವರ ಹತ್ತಿರವೂ ಇರಲಿಲ್ಲ. ಸೂಜಿ ಸರಿದರೆ ಬುಧವಾರದ ಉಪವಾಸವೂ ಹೋದೀತೆಂದು, ನರಗುಂದದ ದಿನವನ್ನು ಬಿಟ್ಟುಕೊಟ್ಟು ಸೂಜಿಯನ್ನು ಗುರುವಾರಕ್ಕೆ ಹಾಕಿದೆ. ಅವ್ವ ಬುಧವಾರವೂ ತಿನ್ನಲಿಲ್ಲ, ಗುರುವಾರವೂ ತಿನ್ನಲಿಲ್ಲ. "ಹಿಡದ ವಾರ ಬಿಡಾಕ ಬರಂಗಿಲ್ಲವಾ," ಎಂದಳು. ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದಳು. ನಾನು ಅತ್ತೆ, ಬೈದೆ, ತಟ್ಟೆ ಬಡಿದೆ. ಏನೂ ನಡೆಯಲಿಲ್ಲ.

ನಿನ್ನೆ ಗುರುವಾರ. ಪೆನ್ನು ಹಿಡಿದು ಕೂತು ಕೇಳಿಯೇಬಿಟ್ಟೆ: "ಉಪಾಸ ಇದ್ರ ನಿನ್ನ ಸಕ್ರಿ ಹೋಗತೈತೇನಬೇ?"

"ನಂದು ಇದ್ರ ಇರ್ಲಿ, ಹಾಳಾಗಿ ಹೋಗ್ಲಿ. ನಿನಗ ಬರಬಾರ್ದಂತ ಹಿಡದೀನಿ."

ಎಂಟು ದಿನದಿಂದ ನನ್ನ ರಕ್ತದ ರಿಪೋರ್ಟು ಹೊಲಿಗೆ ಮಷೀನಿನ ಖಾನೆಯಲ್ಲಿ ಮಡಚಿ ಬಿದ್ದಿದೆ. ನನಗೂ ಬಂದಿದೆ. ಹೇಳಿದರೆ ಈ ಹೆಂಗಸು ಮೂರನೇ ವಾರ ಹಿಡಿಯುತ್ತಾಳೆ, ನನಗೆ ಗೊತ್ತು.

"ನಿನಗ ಬಂದಿಲ್ಲ ಹೌದಿಲ್ಲೋ?" ಎಂದಳು.

"ಇಲ್ಲಬೇ."

"ನೋಡ ಮತ್ತ!" ಎಂದು ಅವ್ವ ಖುಷಿಯಿಂದ ಸೆರಗು ಸರಿಸಿ, ಖಾಲಿ ಹೊಟ್ಟೆಯನ್ನು ನನ್ನ ಸೂಜಿಗೆ ಒಡ್ಡಿದಳು.